ಕೊನೆಯ ದೃಶ್ಯದ ಫೈಲು

ಅಣ್ಣನ ಕೈ ಸುಮ್ಮನಿರುವ ಜಾತಿಯದಲ್ಲ. ನಾಟಕ ಬರೆದು ಮುಗಿಸಿದೆ ಎಂದು ಮನೆಯವರಿಗೆಲ್ಲ ಸಾರಿ, ಮಾರನೆಯ ಬೆಳಿಗ್ಗೆ ಮತ್ತೆ ತಿದ್ದಲು ಕೂರುವ ಆಸಾಮಿ. "ಇದೇ ಕೊನೇದು" ಎಂದು ಅವನು ಕಳಿಸಿದ ಪ್ರತಿಗಳಿಂದಲೇ ತಂಗಿಯ ಲ್ಯಾಪ್‌ಟಾಪ್ ತುಂಬಿಹೋಗಿತ್ತು. ರಂಗದ ಪಕ್ಕದ ಪರದೆಯ ಹಿಂದೆ ಕುಳಿತು, ಮಾತು ಮರೆತ ನಟರಿಗೆ ಪಿಸುದನಿಯಲ್ಲಿ ನೆನಪಿಸುವುದು ಅವಳ ಕೆಲಸ. ಯಾವ ಪ್ರತಿ ನೋಡಿ ನೆನಪಿಸುವುದು, ಹೇಳಿ!

ರೋಸಿಹೋಗಿ ಅವಳೇ ಒಂದು ಉಪಾಯ ಹೂಡಿದಳು. ಒಂದೊಂದು ದೃಶ್ಯಕ್ಕೂ ಒಂದೊಂದು ಫೈಲು; ಅವೆಲ್ಲ ನೆಟ್‌ನಲ್ಲಿ, ಇಬ್ಬರೂ ತೆರೆದು ತಿದ್ದುವಂಥವು. ಅವಳ ಸ್ವಂತ ಫೈಲಿನಲ್ಲಿ ಮಾತುಗಳೇ ಇಲ್ಲ, ಬರೀ ದೃಶ್ಯಗಳ ಹೆಸರು. ಹೆಸರಿದ್ದ ಕಡೆ ಆಯಾ ಫೈಲಿನ ಮಾತು ತಾನಾಗಿ ಬಂದು ಕೂರುತ್ತಿತ್ತು. ಅಣ್ಣ ಅಲ್ಲಿ ಒಂದು ಪದ ಅಳಿಸಿದರೆ ಇಲ್ಲಿಯೂ ಮಾಯ. ಇವಳು ಇಲ್ಲಿ ಬರೆದರೆ ಅಲ್ಲಿಯೂ ಹಾಜರು.

"ಇನ್ಮೇಲೆ ನನಗೇನೂ ಕಳಿಸ್ಬೇಡಪ್ಪಾ, ನಿನ್ನ ಪುಣ್ಯ" ಎಂದು ಕೈಮುಗಿದಿದ್ದಳು.

ಎಲ್ಲ ಸರಿ. ಆದರೆ ಪ್ರದರ್ಶನದ ದಿನ ಒಂದು ನಕಲು ತೆಗೆದು ಬೇರೆ ಇಟ್ಟುಕೊಳ್ಳಬೇಕಿತ್ತು. ಅದು ಅವಳ ತಲೆಗೆ ಹೊಳೆಯಲೇ ಇಲ್ಲ.

ಆ ಸಂಜೆ ಮುಖ್ಯ ಪಾತ್ರ ಅಪ್ಪನದು. ಕಾಯಿಲೆಯಿಂದ ಎದ್ದ ಮೇಲೆ ಅವರಿಗೆ ಇದು ಮೊದಲ ನಾಟಕ. ನಿರ್ದೇಶಕಿ ಮುಖಕ್ಕೆ ಹೊಡೆದ ಹಾಗೆ ಹೇಳಿಬಿಟ್ಟಿದ್ದಳು: "ಇವತ್ತು ನೋಡ್ತೀನಿ ಸಾರ್. ಮಾತು ಕೈಕೊಟ್ರೆ ನಾಳೆಯಿಂದ ಬೇರೆಯವರನ್ನ ಹಾಕ್ತೀನಿ, ಬೇಜಾರು ಮಾಡ್ಕೋಬೇಡಿ." ಅಪ್ಪ "ಹಾಕಮ್ಮ, ಅದಕ್ಕೇನಂತೆ" ಎಂದು ನಕ್ಕು, ಅಂಗಿಯ ಗುಂಡಿಗಳನ್ನು ಅಡ್ಡಾದಿಡ್ಡಿ ಹಾಕಿಕೊಂಡಿದ್ದರು. ತಂಗಿಯೇ ಅವನ್ನು ಬಿಚ್ಚಿ ಸರಿಯಾಗಿ ಹಾಕಿಕೊಟ್ಟಿದ್ದಳು.

ಕೊನೆಯ ದೃಶ್ಯದವರೆಗೆ ಯಾವ ಅಡ್ಡಿಯೂ ಬರಲಿಲ್ಲ. ಗಡಿಯಾರ ರಿಪೇರಿಯ ಮುದುಕ ಅಂಗಡಿ ಮುಚ್ಚುವ ದೃಶ್ಯ ಅದು. ಅಪ್ಪ ಕೈಯಲ್ಲಿ ಬೀಗ ಹಿಡಿದು ನಿಂತರು. ನಿಂತೇ ಬಿಟ್ಟರು. ಕಣ್ಣು ನಿಧಾನವಾಗಿ ಪರದೆಯ ಕಡೆ ಹೊರಳಿತು.

ತಂಗಿ ಲ್ಯಾಪ್‌ಟಾಪ್ ನೋಡಿದಳು. ಅವಳ ಕಣ್ಣೆದುರೇ ಸಾಲುಗಳು ಕೆಳಗಿನಿಂದ ಮೇಲಕ್ಕೆ ಅಳಿಸಿಹೋಗುತ್ತಿದ್ದವು! ಪ್ರೇಕ್ಷಕರ ಹಿಂದಿನ ಸಾಲಿನಲ್ಲಿ ಕುಳಿತ ಅಣ್ಣ, ಗಾಬರಿಯಾದಾಗಲೆಲ್ಲ ಮಾಡುವ ಹಾಗೆ, ಫೋನು ತೆಗೆದು ನಾಟಕ ತಿದ್ದುತ್ತಿದ್ದ. ಅಯ್ಯೋ ನಿನ್ನ ಮನೆ ಕಾಯ್ವಾಗ, ಆಟ ನಡೆಯುತ್ತಿರುವಾಗಲಾ! ನೆನಪಿನಿಂದ ಹೇಳೋಣವೆಂದರೆ ಅಷ್ಟೂ ಪ್ರತಿಗಳ ಮಾತು ಅವಳ ತಲೆಯಲ್ಲಿ ಕಲಸುಮೇಲೋಗರವಾಗಿತ್ತು.

ಖಾಲಿಯಾದ ಜಾಗದಲ್ಲೇ ಟೈಪಿಸಿದಳು: "ಅಣ್ಣ, ಕೈ ತೆಗಿ. ಅಪ್ಪ ಮಾತಿಲ್ದೆ ನಿಂತಿದಾರೆ."

ಅಳಿಸುವುದು ನಿಂತಿತು. ಆದರೆ ಮಾತೆಲ್ಲ ಆಗಲೇ ಹೋಗಿಯಾಗಿತ್ತು. ಪಕ್ಕದಲ್ಲಿದ್ದ ನಿರ್ದೇಶಕಿ ಹಣೆ ಒತ್ತಿಕೊಂಡಳು. ತಂಗಿ ಅಪ್ಪನ ಕಡೆ ನೋಡಿ, ಏನೂ ಇಲ್ಲ ಎಂದು ತಲೆ ಅಲ್ಲಾಡಿಸಿದಳು.

ಅಪ್ಪ ಬೀಗ ನೋಡಿದರು. ಆಮೇಲೆ ಪರದೆಗೆ ಬೆನ್ನು ಹಾಕಿ, ಜನರ ಕಡೆ ತಿರುಗಿದರು.

"ನೀವು ಹೊರಡಿ. ಬಾಗಿಲು ನಾನೇ ಹಾಕ್ತೀನಿ. ಈ ಬೀಗಕ್ಕೆ ನನ್ನ ಕೈ ಬಿಟ್ರೆ ಬೇರೆ ಕೈ ಗೊತ್ತಿಲ್ಲ."

ಮೊಟ್ಟಮೊದಲ ಪ್ರತಿಯ ಮಾತು! "ತೀರಾ ಸಪ್ಪೆ" ಎಂದು ಅಣ್ಣ ಹೊಡೆದುಹಾಕಿದ್ದು. "ಚೆನ್ನಾಗಿತ್ತಲ್ಲೋ ಅದು" ಎಂದು ಅಪ್ಪ ಒಂದು ದಿನವಿಡೀ ಮುಖ ಊದಿಸಿಕೊಂಡಿದ್ದರು.

ತಂಗಿಯ ಕಣ್ಣು ಲ್ಯಾಪ್‌ಟಾಪಿಗೆ ಬಿತ್ತು. ಅವಳು ಬರೆದ ಸಾಲು ಅಳಿಸಿಹೋಗಿತ್ತು. ಅದರ ಜಾಗದಲ್ಲಿ ಒಂದೊಂದೇ ಅಕ್ಷರ ಮೂಡುತ್ತಿತ್ತು: ನೀವು ಹೊರಡಿ. ಬಾಗಿಲು ನಾನೇ. ಅಪ್ಪನ ದನಿ ಮುಂದೆ, ಅಣ್ಣನ ಬೆರಳು ಹಿಂದೆ.

"ನಾಳೇನೂ ಇವರೇ" ಎಂದಳು ನಿರ್ದೇಶಕಿ, ಕಣ್ಣೊರೆಸಿಕೊಳ್ಳುತ್ತ.

ಅಪ್ಪ ಬೀಗ ಜಡಿದು ದೀಪ ಆರಿದ ಮೇಲೂ ಅಕ್ಷರಗಳು ಸ್ವಲ್ಪ ಹೊತ್ತು ಬರುತ್ತಲೇ ಇದ್ದವು. ಕಡೆಗೆ ಅಣ್ಣ ಒಂದು ಚುಕ್ಕೆ ಇಟ್ಟ. ಆಮೇಲೆ ಆ ದೃಶ್ಯವನ್ನು ಮುಟ್ಟಲಿಲ್ಲ.