ಮುರಿಗೆಪ್ಪನವರ ಮುಖ

ಗಲ್ಲದವರೆಗೆ ಏರಿದ್ದ ಹಾರವನ್ನು ಮೊಯಿನುದ್ದೀನ್ ಕೆಳಗೆ ಸರಿಸಿ, ಲ್ಯಾಪ್‌ಟಾಪಿನ ಕ್ಯಾಮೆರಾವನ್ನು ಮುರಿಗೆಪ್ಪನವರ ಮುಖಕ್ಕೆ ಹಿಡಿದ. ಹಿಂದಿನ ಸಂಜೆ ಯಶವಂತಪುರದಲ್ಲಿ ಬಸ್ಸಿಗೆ ಕಾಯುತ್ತ ಎದೆ ಹಿಡಿದುಕೊಂಡು ಕುಸಿದು ತೀರಿಕೊಂಡವರನ್ನು ಈಗ ಜಾಲಹಳ್ಳಿಯ ಬಾಡಿಗೆ ಮನೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ.

"ಅತ್ತಿ ಒಮ್ಮೆ ಮಾರಿ ನೋಡ್ಲಿ ಅಣ್ಣಾರ," ಎಂದರು ಅವರ ಹೆಂಡತಿ ಭಾಗ್ಯಶ್ರೀ. "ಸೊಂಟ ಮುರ್ಕೊಂಡು ಮಲಗ್ಯಾರ, ಬರಾಕಾಗಂಗಿಲ್ಲ. ಐದಕ್ಕ ಮಣ್ಣ ಮಾಡ್ತಾರ."

ಹುನಗುಂದದ ಆಚೆಯ ಹಳ್ಳಿಯಲ್ಲಿ ತಾಯಿ ದಾನವ್ವನ ಮಂಚದ ಬಳಿ ಕಿರಿಮಗ ಸಿದ್ರಾಮಪ್ಪ ಕಂಪ್ಯೂಟರ್ ಇಟ್ಟುಕೊಂಡು ಕೂತಿದ್ದ. ಮಾಮೂಲಿ ವಿಡಿಯೊ ಎರಡು ಸಲ ನಿಂತುಹೋಗಿತ್ತು. ಆ ಲೈನಿನಲ್ಲಿ ಚಿತ್ರ ತಲುಪಿಸಬಲ್ಲದ್ದು ಒಂದೇ, ಸತ್ತವರೇ ಮಾಡಿದ್ದ ಪ್ರೋಗ್ರಾಮು.

*

ಅದಕ್ಕೆ ಅವರು ಹನ್ನೊಂದು ವರ್ಷ ಸುರಿದಿದ್ದರು.

"ಇಡೀ ಚಿತ್ರ ಯಾಕ ಕಳಸ್ಬೇಕು?" ಎಂದು ಕೆಲಸಕ್ಕೆ ಹೊಸದಾಗಿ ಸೇರಿದ ಮೊಯಿನುದ್ದೀನನಿಗೆ ಹೇಳಿಕೊಟ್ಟಿದ್ದರು. "ಮಾರಿಯ ಅಚ್ಚು ಮೊದಲ ಆ ಕಡೆ ಇಟ್ಟಿರು. ಆಮ್ಯಾಲ ತುಟಿ ಎಷ್ಟು ಅಲುಗ್ತು, ಹುಬ್ಬು ಎಷ್ಟು ಏರ್ತು, ಅಷ್ಟ ಕಳಸು. ಎಂಥಾ ಬಡಕಲು ಲೈನಿನಾಗೂ ಹೋಗ್ತೈತಿ."

ಇಂಟರ್‌ನೆಟ್ ವೇಗ ಹೆಚ್ಚುತ್ತಿದೆ, ಇನ್ನು ಇದು ಯಾರಿಗೆ ಬೇಕು ಎಂದು ಕಂಪನಿ 2006ರಲ್ಲಿ ಕೆಲಸ ನಿಲ್ಲಿಸಿ, ಅವರನ್ನು ಕಡತ ತಿದ್ದುವ ಮೇಜಿಗೆ ಹಾಕಿತು. ಮುರಿಗೆಪ್ಪನವರು ತಮ್ಮ ಮುಖದ ಅಚ್ಚನ್ನು ಊರಿನ ಕಂಪ್ಯೂಟರಿಗೆ ಹಾಕಿ ಬಂದರು. ಮುಂದಿನ ಮೂರು ವರ್ಷ ಭಾನುವಾರಕ್ಕೊಮ್ಮೆ ತಾಯಿ ಮಗನ ಮುಖ ನೋಡಿದರು. ಅದನ್ನು ಬಳಸಿದವರು ಬೇರೆ ಯಾರೂ ಇಲ್ಲ.

*

ಚಿತ್ರ ಹೋಯಿತು. ಮೊಬೈಲಿನಲ್ಲಿ ದಾನವ್ವನ ದನಿ ಕೇಳಿತು.

"ಮುರಿಗೆಪ್ಪ ಕಣ್ ಬಿಟ್ಟಾನಲ್ಲೋ. ನನ್ನ ನೋಡಾಕತ್ತಾನ. ಯಾಕ ಸುಳ್ಳ ಹೇಳಿದ್ರಿ?"

ಮೊಯಿನುದ್ದೀನ್ ಲ್ಯಾಪ್‌ಟಾಪಿನಿಂದ ತಲೆಯೆತ್ತಿ ಮುರಿಗೆಪ್ಪನವರ ಮುಚ್ಚಿದ ರೆಪ್ಪೆಗಳನ್ನು ನೋಡಿದ. ಕ್ಯಾಮೆರಾಕ್ಕೆ ತೆರೆದ ಕಣ್ಣು ಸಿಗದಿದ್ದರೆ ಅಚ್ಚಿನಲ್ಲಿರುವ ಕಣ್ಣನ್ನೇ ತೋರಿಸು ಎಂಬ ಸಾಲನ್ನು ಪ್ರೋಗ್ರಾಮಿನಲ್ಲಿ, ರೆಪ್ಪೆ ಬಡಿದಾಗ ಚಿತ್ರ ಕೆಡದಿರಲೆಂದು, ಬರೆದವನು ಅವನೇ.

"ಹಂಗ ಇರ್ಲಿ ಬಿಡ್ರಿ," ಎಂದರು ಹಿಂದೆ ನಿಂತಿದ್ದ ನೆಂಟರೊಬ್ಬರು. "ಮುದುಕಿಗೆ ಸಮಾಧಾನ ಆಗ್ಲಿ."

ಭಾಗ್ಯಶ್ರೀ ಗಂಡನನ್ನೇ ನೋಡುತ್ತ ಕೂತಿದ್ದರು. "ಬರೋ ಭಾನುವಾರ ಮತ್ತ ಕೇಳ್ತಾರ. ಆಗ ನಾ ಏನ್ ಹೇಳ್ಲಿ? ಬಂದ್ ಮಾಡ್ರಿ."

"ಬರೀ ಫೋಟೊ ಕಳಿಸ್ತೀನಿ ಅಕ್ಕ," ಎಂದ ಮೊಯಿನುದ್ದೀನ್. "ನಿಧಾನ ಆಗುತ್ತೆ."

ಅಲ್ಲಿ ಫೋಟೊ ಮೇಲಿನಿಂದ ಎಳೆ ಎಳೆಯಾಗಿ ಬಿಚ್ಚಿಕೊಳ್ಳತೊಡಗಿತು.

"ಗ್ವಾಡಿ ಬಂತು," ಎಂದರು ದಾನವ್ವ. ತುಸು ಹೊತ್ತಿನ ಮೇಲೆ, "ಎಷ್ಟ್ ಬೆಳ್ಳಗಾಗ್ಯಾವೋ ಕೂದಲ." ಮತ್ತೂ ತಡವಾಗಿ, "ಹಣಿ ಮ್ಯಾಲಿನ ಇಬತ್ತಿ ಬಂತು."

ಹೊರುವವರು ಹಗ್ಗ ಹಿಡಿದು ಒಳಗೆ ಬಂದರು. ಮೊಬೈಲನ್ನು ಕಿವಿಗೊತ್ತಿಕೊಂಡೇ ಮೊಯಿನುದ್ದೀನ್ ಇನ್ನೊಂದು ಕೈ ಎತ್ತಿ ಅವರನ್ನು ತಡೆದ. ಇನ್ನು ಕಣ್ಣು ಬರಬೇಕಿತ್ತು. ಮುದುಕಿಯ ಉಸಿರಷ್ಟೇ ಕೇಳುತ್ತಿತ್ತು. ನಾಲ್ಕು ಜನ ಗಂಡಸರು ಬಾಗಿಲಲ್ಲಿ ಅಲುಗದೆ ನಿಂತರು.