ಕಮನಿಕ್‌ನ ಹೆಸರು ಯಾರಿಗೆ

ಶವಪೆಟ್ಟಿಗೆಯ ಮುಚ್ಚಳಕ್ಕೆ ಮೊಳೆ ಹೊಡೆಯುತ್ತಿದ್ದ ಮಗ ಜೇಪೂಟಿಯ ಕೈಯನ್ನು ಉಲಾಯು ಹಿಡಿದುಕೊಂಡಳು.

"ಫೋನ್ ಬಂತಾ?"

"ಇಲ್ಲಮ್ಮ. ಬಂದ್ರೆ ಹೇಳಲ್ವಾ?"

ಮಗಳು ಲೀಟಿಯಾ ಹೆರಿಗೆಗೆಂದು ವಿಮಾನದಲ್ಲಿ ದೂರದ ಇಕಾಲುಯಿಟ್ ಪಟ್ಟಣದ ಆಸ್ಪತ್ರೆಗೆ ಹೋಗಿದ್ದಳು. ನಿನ್ನೆಯಿಂದ ನೋವು ತಿನ್ನುತ್ತಿದ್ದಾಳೆ, ಮಗು ಬರುತ್ತಿಲ್ಲ. ಇಲ್ಲಿ ಅವಳಪ್ಪ ಕಮನಿಕ್ ಪೆಟ್ಟಿಗೆಯೊಳಗೆ ಮಲಗಿದ್ದಾನೆ. ಉಲಾಯು ಜೀವ ಕೈಯಲ್ಲಿ ಹಿಡಿದುಕೊಂಡೇ ಓಡಾಡುತ್ತಿದ್ದಳು.

ನಕ್ಷೆ ಕಚೇರಿಯ ಗ್ರೇಡಿ ಟೊಪ್ಪಿ ತೆಗೆದು ಒಳಬಂದ.

"ಅಮ್ಮ, ಹಿಮನದಿ ಆಚೆಯ ಶಿಖರಕ್ಕೆ ನಿಮ್ಮ ಯಜಮಾನರ ಹೆಸರಿಡ್ತೀವಿ. ಜೇಪೂಟಿ ಒಪ್ಪಿದಾರೆ. ಸಮಾಧಿ ಹತ್ರ ಎಲ್ಲರಿಗೂ ಹೇಳ್ತೀನಿ."

ಉಲಾಯು ಮಗನತ್ತ ತಿರುಗಿದಳು.

"ನಿನ್ನ ತಲೆ ನೆಟ್ಟಗಿದೆಯಾ? ಹುಟ್ಟೋ ಮಗೂಗೆ ಹೋಗ್ಬೇಕಾದ ಹೆಸರು ಅದು. ಆ ಹೆಸರು ಹಿಡ್ಕೊಂಡು ಮಗುವಾಗಿ ವಾಪಸ್ ಬರೋನನ್ನ ಬೆಟ್ಟದ ಮೇಲೆ ಕೂರಿಸ್ತೀಯಾ?"

"ಮಗೂಗೂ ಬೆಟ್ಟಕ್ಕೂ ಇಟ್ರೆ ಆಯ್ತಲ್ಲ."

"ಅರ್ಧ ಕಲ್ಲಲ್ಲಿ, ಅರ್ಧ ಲೀಟಿಯಾ ಬೆನ್ನಿಗೆ ಕಟ್ಕೊಳ್ಳೋ ಕೂಸಲ್ಲಿ ಇರ್ತಾನಾ ನಿಮ್ಮಪ್ಪ? ಅದಕ್ಕೇ ಮಗು ದಾರಿ ಕಾಣದೆ ನಿಂತುಬಿಟ್ಟಿದೆ."

ಜೇಪೂಟಿ ಸುತ್ತಿಗೆ ಕೆಳಗಿಟ್ಟ. ಅವನ ಮುಖ ಸಪ್ಪಗಾಗಿತ್ತು.

*

ಹರೆಯದಲ್ಲಿ ಕಮನಿಕ್ ನಕ್ಷೆ ಬರೆಯಲು ಬಂದ ಅಳತೆಯವರನ್ನು ನಾಯಿಗಾಡಿಯಲ್ಲಿ ಆ ಶಿಖರದ ಬುಡಕ್ಕೆ ಕರೆದೊಯ್ದಿದ್ದ. ಆಗಷ್ಟೇ ಮದುವೆಯಾಗಿದ್ದ ಉಲಾಯು ಪಕ್ಕದಲ್ಲಿ ಚಹಾ ಕಾಯಿಸುತ್ತಿದ್ದಳು.

"ಇದಕ್ಕೆ ಯಾರ ಹೆಸರು?" ಎಂದು ಅಳತೆಯವನೊಬ್ಬ ಕೇಳಿದ.

ಕಮನಿಕ್ ಹೆಂಡತಿಯ ಮುಖ ನೋಡಿ ನಕ್ಕುಬಿಟ್ಟ. "ಬೆಟ್ಟ ಏನು ಯಾರ ಹೊಟ್ಟೆಲಾದ್ರೂ ಹುಟ್ಟಿದ್ದಾ? ಸೂರ್ಯನೇ ಹುಟ್ಟದ ಕತ್ತಲಕಾಲ ಮುಗಿದ ಮೇಲೆ ಬಿಸಿಲು ಮೊದಲು ಅಲ್ಲೇ ಬೀಳೋದು. ಮೊದಲ ಬಿಸಿಲು ಅಂತೀವಿ."

ಅಳತೆಯವನು ತಲೆಯಾಡಿಸಿದ. ನಕ್ಷೆಯಲ್ಲಿ ಮಾತ್ರ ಎತ್ತರವನ್ನಷ್ಟೇ ಬರೆದು ಹೆಸರಿನ ಜಾಗ ಖಾಲಿ ಬಿಟ್ಟ.

*

ನೆಲ ಹೆಪ್ಪುಗಟ್ಟಿ ಅಗೆಯುವಂತಿರಲಿಲ್ಲ. ಪೆಟ್ಟಿಗೆಯ ಮೇಲೆ ಕಲ್ಲು ಪೇರಿಸಿದರು. ಗ್ರೇಡಿ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಉಲಾಯು ಎದುರಿಗೆ ಬಂದು ನಿಂತಳು.

"ಬೇಡಪ್ಪ. ನೀನು ಒಳ್ಳೆಯವನೇ, ಆದ್ರೆ ಅವನನ್ನ ಕೊಡಲ್ಲ. ಆ ಬೆಟ್ಟಕ್ಕೆ ಹೆಸರಿದೆ, ಮೊದಲ ಬಿಸಿಲು ಅಂತ. ಅದನ್ನೇ ಬರಿ."

"ಬರೀತೀನಮ್ಮ. ಆದ್ರೆ ಅವರ ನೆನಪಿಗೆ ಏನೂ ಉಳಿಯಲ್ವಲ್ಲ."

ಉಲಾಯು ಕಲ್ಲುಗುಡ್ಡೆಯತ್ತ ತಿರುಗಿದಳು. ಮಗು ಬದುಕದೇ ಹೋದರೆ? ಆಗ ಹೆಸರು ಅಲ್ಲೂ ಇಲ್ಲ, ಇಲ್ಲೂ ಇಲ್ಲ. ಎಂಥ ಕೆಲಸ ಮಾಡಿಬಿಟ್ಟೆ ಅನ್ನಿಸಿತು ಅವಳಿಗೆ.

ಮನೆಯಲ್ಲಿ ಎಲ್ಲರೂ ಸೀಲ್ ಪ್ರಾಣಿಯ ಮಾಂಸದ ಸುತ್ತ ಕೂತಿದ್ದಾಗ ಫೋನ್ ಬಂತು. ಜೇಪೂಟಿ ಕೇಳಿಸಿಕೊಂಡು ಅದನ್ನು ತಾಯಿಯ ಕಡೆ ಚಾಚಿದ.

"ಇಬ್ರೂ ಚೆನ್ನಾಗಿದಾರಮ್ಮ. ಹೆಣ್ಣು ಮಗು."

"ಹೆಣ್ಣಾದ್ರೇನು, ಅವನೇ ತಾನೆ," ಎನ್ನುತ್ತ ಉಲಾಯು ಫೋನನ್ನು ಎರಡೂ ಕೈಯಲ್ಲಿ ಹಿಡಿದಳು. "ಲೀಟಿಯಾ, ಫೋನ್ ಅವನ ಕಿವಿಗೆ ಹಿಡಿ."

ಆ ಕಡೆಯ ಅಳು ಇಡೀ ಕೋಣೆಗೆ ಕೇಳಿಸಿತು. ಮಾಂಸ ಕೊಯ್ಯುತ್ತಿದ್ದವರ ಚಾಕುಗಳು ನಿಂತವು.

"ಕಮನಿಕ್, ಯಾಕೆ ಹಾಗೆ ಅರಚ್ತೀಯಾ," ಉಲಾಯು ಗದರಿದಳು. ಅವಳ ಕೆನ್ನೆ ಒದ್ದೆಯಾಗಿತ್ತು. "ನಾನೇ ಮಾತಾಡ್ತಿರೋದು. ನಿನ್ನ ಹೆಂಡ್ತಿ."