ಮಾತ್ಸು ಅಕ್ಕ ಕಳಿಸಿದ ಬಟ್ಟಲು

ಮೊದಲ ತುತ್ತಿಗೇ ಶಿಗೆನೊಗೆ ಅನುಮಾನ ಹತ್ತಿತು. ಅದು ಪಕ್ಕದ ಮನೆಯ ಮಾತ್ಸು ಅಕ್ಕ ಕಳಿಸಿದ ಶಿಮೊತ್ಸುಕಾರೆ. ಹೊಸವರ್ಷದಲ್ಲಿ ಉಳಿದ ಸಾಲ್ಮನ್ ಮೀನಿನ ತಲೆ, ಮೂಲಂಗಿ ತುರಿ, ಹುರಿದ ಸೋಯಾಕಾಳು, ಅಕ್ಕಿಮದ್ಯ ಸೋಸಿ ಉಳಿದ ಗಸಿ ಸೇರಿಸಿ ಫೆಬ್ರುವರಿಯಲ್ಲಿ ಊರೆಲ್ಲ ಬೇಯಿಸುವ ಅಡುಗೆ. ಏಳು ಮನೆಯದು ತಿಂದರೆ ವರ್ಷವಿಡೀ ಕಾಯಿಲೆಯಿಲ್ಲವೆಂದು ಬಟ್ಟಲುಗಳು ಮನೆಯಿಂದ ಮನೆಗೆ ಓಡಾಡುತ್ತವೆ. ಒಂದೊಂದು ಮನೆಯದು ಒಂದೊಂದು ರುಚಿ. ಆದರೆ ಇದರಲ್ಲಿ ಹಲ್ಲಿಗೆ ಸಿಕ್ಕಿದ್ದು ಅಕ್ರೋಟು.

ಈ ವರ್ಷ ಮದ್ಯದ ಗಸಿ ಸಾಲದೆ ಅಕ್ರೋಟು ಜಜ್ಜಿ ಹಾಕಿದವಳು ಶಿಗೆನೊ ಒಬ್ಬಳೇ. ಗಂಡನಿಗೂ ಹೇಳಿರಲಿಲ್ಲ. ಮಾತ್ಸು ಅಕ್ಕ ಕಿಟಕಿಯಲ್ಲಿ ಇಣುಕಿ ನೋಡಿದಳೋ ಹೇಗೆ? ಇನ್ನೊಂದು ತುತ್ತು ತಿಂದಳು. ಕದ್ದದ್ದು ಉಪಾಯವನ್ನಲ್ಲ, ಅಡುಗೆಯೇ ತನ್ನದು! ಬೆಳಗ್ಗೆ ತಾನೇ ಕೊಟ್ಟುಬಂದದ್ದು ಬಟ್ಟಲು ಬದಲಿಸಿಕೊಂಡು ಸಂಜೆಗೆ ವಾಪಸು ಬಂದಿತ್ತು.

ಅವಳ ಮೈಯೆಲ್ಲ ಉರಿದುಹೋಯಿತು. ಹಾಗಾದರೆ ಇಷ್ಟು ವರ್ಷ ತಾನು ಕೊಟ್ಟದ್ದನ್ನು ಈ ಮಹಾರಾಯಿತಿ ಬಾಯಿಗೇ ಇಡುತ್ತಿರಲಿಲ್ಲವೇ? ಎದುರಿಗೆ ನಕ್ಕು, ಹಿಂದೆ ಮೂಗು ಮುರಿಯುತ್ತಿದ್ದಳೇ? ಕೇಳಿಯೇಬಿಡುತ್ತೇನೆ, ಆಮೇಲೆ ಆ ಮನೆಯ ಹೊಸಿಲು ತುಳಿಯುವುದಿಲ್ಲ ಎಂದುಕೊಂಡು ಬಟ್ಟಲು ಹಿಡಿದು ಹೊರಟಳು.

ಮಾತ್ಸು ಅಕ್ಕನ ಅಡುಗೆಮನೆಯಲ್ಲಿ ಮೀನಿನ ವಾಸನೆಯೇ ಇರಲಿಲ್ಲ. ಬಿದಿರಿನ ತುರಿಮಣೆ ಧೂಳು ಹಿಡಿದು ನೇತಾಡುತ್ತಿತ್ತು. ಅಕ್ಕಪಕ್ಕದವರ ಖಾಲಿ ಬಟ್ಟಲುಗಳು ಸಾಲಾಗಿದ್ದವು. ಅಂದರೆ ಒಬ್ಬರು ಕೊಟ್ಟದ್ದನ್ನು ಇನ್ನೊಬ್ಬರಿಗೆ ದಾಟಿಸಿದ್ದಳು. ಯಾರದು ಯಾರಿಗೆಂದು ಗೊಂದಲವಾಗಿ ಶಿಗೆನೊದು ಶಿಗೆನೊಗೇ ಬಂದಿತ್ತು.

ಸಿಕ್ಕಿಬಿದ್ದಳು ಎಂದುಕೊಂಡು ಶಿಗೆನೊ ಬಾಯಿ ತೆರೆಯುವಷ್ಟರಲ್ಲಿ ಮಾತ್ಸು ಅಕ್ಕ ಎಡಗೈಯಲ್ಲಿ ಚಹಾ ಬಗ್ಗಿಸಿದಳು. ಅರ್ಧ ಮೇಜಿನ ಪಾಲಾಯಿತು. ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು, ಬೆರಳು ಬಿಚ್ಚುತ್ತಿರಲಿಲ್ಲ. ಮೂಲಂಗಿ ತುರಿಯುವುದಿರಲಿ, ಆ ಕೈ ಊಟದ ಕಡ್ಡಿಯನ್ನೂ ಹಿಡಿಯಲಾರದು. ಶಿಮೊತ್ಸುಕಾರೆ ಅಂದರೆ ಮಾತ್ಸುವಿನದು ಎಂದು ಊರೆಲ್ಲ ಹೊಗಳಿದ ಕೈ ಅದು. ಶಿಗೆನೊ ಮೇಜಿನ ಮೇಲೆ ಚೆಲ್ಲಿದ ಚಹಾ ಒರೆಸಿದಳು.

ಮಾತ್ಸು ಅಕ್ಕ ಎತ್ತಲೋ ನೋಡುತ್ತ ಕೇಳಿದಳು. "ಹೆಂಗಿತ್ತೇ ನಂದು?"

"ನಂದಕ್ಕಿಂತ ಚೆನ್ನಾಗಿತ್ತು ಅಕ್ಕ."

"ಅದು ಗೊತ್ತಿರೋದೇ. ನಿಂದು ಯಾವಾಗ್ಲೂ ಸಪ್ಪೆ."

ಶಿಗೆನೊಗೆ ಸಿಟ್ಟೂ ಅಳುವೂ ಒಟ್ಟಿಗೇ ಬಂದವು. ಎರಡನ್ನೂ ನುಂಗಿಕೊಂಡಳು.

"ಹಂಗಾದ್ರೆ ಬರೋ ವರ್ಷ ದೊಡ್ಡ ಪಾತ್ರೆ ತುಂಬ ಬೇಯಿಸಿ ತರ್ತೀನಿ. ಉಪ್ಪು ನೋಡಿ ನೀನೇ ಸರಿಮಾಡು. ಆಮೇಲೆ ನಿನ್ನ ಬಟ್ಟಲಿಗೆ ಹಾಕಿ ಹಂಚು."

ಮಾತ್ಸು ಅಕ್ಕನ ಮುಖ ಬಿಳಿಚಿಕೊಂಡಿತು. ಶಿಗೆನೊ ತಂದಿದ್ದ ಬಟ್ಟಲನ್ನು ಎಡಗೈಯಲ್ಲಿ ತನ್ನತ್ತ ಎಳೆದುಕೊಂಡಳು.

"ಮೂಲಂಗಿ ದಪ್ಪಗೆ ತುರಿ," ಅಂದಳು ಕೊನೆಗೆ. "ನೀನು ಸಣ್ಣಗೆ ತುರೀತೀಯ."